ಅನುಮಾಪನ

ತಿಳಿದ ಸಾಂದ್ರತೆಯುಳ್ಳ ಪ್ರಮಾಣ ದ್ರಾವಣವನ್ನು ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಡುತ್ತ, ಸೂಚಕದ ಬಣ್ಣ ತಿರುಗುವವರೆಗೆ ವ್ಯಯವಾದ ಗಾತ್ರದಿಂದ ಮತ್ತೊಂದು ದ್ರಾವಣದ ಸಾಂದ್ರತೆಯನ್ನು ಗಣಿಸುವ ವಿಧಾನಕ್ಕೆ ಅನುಮಾಪನವೆಂದು ಹೆಸರು. ಅಳೆಯುವುದೆಂಬ ಅರ್ಥದ 'ಮಾ' ಧಾತುವಿನಿಂದ ಬಂದ 'ಮಾಪನ'ಕ್ಕೆ, ಹಿಂಬಾಲಿಸುವಿಕೆಯನ್ನು ಸೂಚಿಸುವ 'ಅನು' ಎಂಬ ಉಪಸರ್ಗ ಸೇರಿ ಸಿದ್ಧವಾದ ಈ ಪದ, ತರ್ಕಶಾಸ್ತ್ರದ 'ಅನುಮಾನ'ಕ್ಕೆ ಸಹೋದರನಂತಿದೆ. ಜ್ಞಾತದಿಂದ ಅಜ್ಞಾತವನ್ನು ಅರಿಯುವ ಮಾರ್ಗ ಎರಡಕ್ಕೂ ಸಮಾನವಾದುದು.

ಇದರೊಡನೆ ಬಳಕೆಯಲ್ಲಿರುವ 'ಟೈಟ್ರೇಷನ್' ಎಂಬುದರ ಮೂಲವಾದರೋ, ನಾಣ್ಯದ ಚಿನ್ನಬೆಳ್ಳಿಗಳ ಶುದ್ಧತೆಯ ಪ್ರಮಾಣವನ್ನು ಹೇಳುವ ಫ್ರೆಂಚ್ ಮಾತು 'ತೀತ್ರ್'. ಉಪ್ಪಿನ ದ್ರಾವಣದಿಂದ ಬೆಳ್ಳಿಯ ಶುದ್ಧತೆಯನ್ನು ನಿರ್ಣಯಿಸುವ ಕ್ರಮವನ್ನು ಗೇ-ಲುಸಾಕ್ 1832ರಲ್ಲಿ ಪ್ರಕಟಿಸಿದುದನ್ನು ನೆನೆದರೆ, ಟಂಕಸಾಲೆಗೂ ರಸಾಯನಶಾಸ್ತ್ರಕ್ಕೂ ಇರುವ ಸಂಬಂಧ ವಿಶದವಾಗುತ್ತದೆ.

ಅನುಮಾಪನದ ಪ್ರಾಮಾಣ್ಯವೆಲ್ಲ ಪ್ರಮಾಣ ದ್ರಾವಣವನ್ನು ಅವಲಂಬಿಸಿದೆ. ಚೆನ್ನಾಗಿ ಕಾಯಿಸಿ ತೇವವನ್ನು ಕಳೆದ ಶುದ್ಧ ಸೋಡಿಯಂ ಕಾರ್ಬೋನೇಟನ್ನು 5.3 ಗ್ರಾಂ ತೂಗಿ, ಬಟ್ಟಿಯಿಳಿಸಿದ ನೀರಿನಲ್ಲಿ ಕರಗಿಸಿ, ಒಂದು ಲೀಟರಿಗೆ ಸರಿಪಡಿಸಿದರೆ 0.05 ಮೋಲಾರ್ ದ್ರಾವಣ ದೊರೆಯುವುದು.

ರಾಸಾಯನಿಕ ಸಮತೋಲನದ ಅಧ್ಯಯನಕ್ಕೆ ಈ ವಿಧಾನ ಸಲ್ಲಿಸಿದ ಸೇವೆ ಮಹತ್ತರವಾದುದು. ಅಸಿಟಿಕ್ ಆಮ್ಲವನ್ನೂ ಎಥೆನಾಲನ್ನೂ ಸಮ ಮೋಲುಗಳಲ್ಲಿ ಬೆರೆಸಿದಾಗ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಎಸ್ಟರಾಗಿ ಕ್ರಿಯೆ ನಿಂತಂತಾಗುವುದೆಂಬ ತಥ್ಯವನ್ನು, 1862ರ ಸುಮಾರಿಗೆ ಬೆರ್ತೆಲೊ ಮತ್ತು ಪೆಯಾಂ ದ ಸ್ಯಾಂ-ಜೀಲ್ ಎಂಬ ಫ್ರೆಂಚ್ ವಿಜ್ಞಾನಿಗಳು ಕಂಡುಕೊಂಡುದು, ಉಳಿದ ಆಮ್ಲವನ್ನು ಕ್ಷಾರದಿಂದ ಅನುಮಾಪಿಸಿಯೇ. ಆ ಕ್ರಿಯೆ ಬಹು ಮಂದಗತಿಯದಾದ ಕಾರಣ ಅಳೆಯುವಷ್ಟರಲ್ಲಿ ಸಮತೋಲನ ಕದಲದು. ಹೀಗೆ ದೊರೆತ ಅಂಕಿಗಳಿಂದ ಸಮತೋಲನ ಸ್ಥಿರಾಂಕವು ಸುಮಾರು 4 ಎಂದು ಇಂದಿನ ವಿದ್ಯಾರ್ಥಿಯೂ ಸ್ವತಃ ಸಾಧಿಸಿ ನೋಡಬಹುದು.