ಸಿಂಗಪುರದ ಮೌಂಟನ್ ಬೈಕಿಂಗ್: ಕಲ್ಲುಗಣಿ, ಕಾಡು ಮತ್ತು ಜಾಡು

ಸಿಂಗಪುರದ ಅತಿ ಎತ್ತರದ ನೈಸರ್ಗಿಕ ಬೆಟ್ಟ ಬುಕಿತ್ ತಿಮಾ. ಅದರ ಎತ್ತರ ಸುಮಾರು 164 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಮಿಕ್ಕದ್ದು. ಮಲೆನಾಡಿನಲ್ಲಿ ಬೆಳೆದ ನಾನು ಇಲ್ಲಿಗೆ ಬಂದ ಹೊಸತರಲ್ಲಿ, ಸಹೋದ್ಯೋಗಿಯೊಬ್ಬರು ಭಾನುವಾರ ಮೌಂಟನ್ ಬೈಕಿಂಗಿಗೆ ಬರುವಿರಾ ಎಂದು ಕೇಳಿದಾಗ, ಮೌಂಟನ್ ಎಲ್ಲಿದೆ ಎಂದು ಮರುಪ್ರಶ್ನೆ ಹಾಕಿದ್ದೆ. ಈ ಆಟಕ್ಕೆ ಬೆಟ್ಟಕ್ಕಿಂತ ಮಿಗಿಲಾಗಿ ಬೇಕಾದದ್ದು ಜಾಡು ಎಂಬುದು ತಿಳಿಯಲು ಕೆಲವು ವರ್ಷಗಳೇ ಹಿಡಿದವು. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟೇ ಇರುವ ಈ ದ್ವೀಪರಾಷ್ಟ್ರದಲ್ಲಿ ಜಾಡೆಂಬುದು ಕಾಡಿನಿಂದ ಅಳೆದು ತೂಗಿ ಪಡೆದ ನೆಲ.

ಆಟದ ಹುಟ್ಟು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. 1970ರ ದಶಕದಲ್ಲಿ ಅಲ್ಲಿನ ತರುಣರು ದಪ್ಪ ಟೈರಿನ ಹಳೆಯ ಷ್ವಿನ್ ಸೈಕಲ್‌ಗಳನ್ನು ಟಮಾಲ್ಪಾಯಸ್ ಬೆಟ್ಟದ ಆಸುಪಾಸಿನ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಇಳಿಜಾರಿನಲ್ಲಿ ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸು ಹೊಗೆಯಾಗಿ ಹೋಗಿ, ಪ್ರತಿ ಇಳಿತದ ಬಳಿಕವೂ ಮತ್ತೆ ತುಂಬಬೇಕಾಗುತ್ತಿತ್ತು. ಅವರ ಓಟಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಹೀಗೆ. ಜೋ ಬ್ರೀಜ್ ಈ ಕೆಲಸಕ್ಕೆಂದೇ 1977ರಲ್ಲಿ ಚೌಕಟ್ಟು ಕಟ್ಟಿದರು. 1979ರಲ್ಲಿ ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಕಟ್ಟಿದ ಚೌಕಟ್ಟುಗಳಿಂದ ಸೈಕಲ್ ತಯಾರಿಸಿ ‘ಮೌಂಟನ್‌ಬೈಕ್ಸ್’ ಹೆಸರಿನಲ್ಲಿ ಮಾರತೊಡಗಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನ ಹೊತ್ತಿಗೆ ಈ ಹುಡುಗಾಟ ಪದಕದ ಆಟವಾಗಿತ್ತು.

ಸಿಂಗಪುರಕ್ಕೆ ಎಂಥ ಸೈಕಲ್ ಬೇಕು? ಹೊಸಬರು ಕೇಳುವ ಮೊದಲ ಪ್ರಶ್ನೆಯಿದು. ಮುಂಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇರುವುದನ್ನು ಹಾರ್ಡ್‌ಟೇಲ್ ಎನ್ನುತ್ತಾರೆ, ಎರಡೂ ಕಡೆ ಇದ್ದರೆ ಫುಲ್ ಸಸ್ಪೆನ್ಷನ್. ನೂರರಿಂದ ನೂರಿಪ್ಪತ್ತು ಮಿಲಿಮೀಟರ್ ಕುಗ್ಗುವ ಫೋರ್ಕಿನ ಹಾರ್ಡ್‌ಟೇಲ್ ಇಲ್ಲಿಯ ಬಹುಪಾಲು ಜಾಡುಗಳಿಗೆ ಸಾಕೆಂಬುದು ನನ್ನ ಅಭಿಪ್ರಾಯ. ಅಂಗಡಿಯವರ ಅಭಿಪ್ರಾಯ ಬೇರೆಯಿರಬಹುದು. ಹಣ ಉಳಿದರೆ ಒಳ್ಳೆಯ ಟೈರಿಗೂ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೂ ಹಾಕಿ. ಟ್ಯೂಬಿಲ್ಲದ ಟೈರಿನೊಳಗೆ ಸುರಿಯುವ ಲೇಟೆಕ್ಸ್ ದ್ರವ ಮುಳ್ಳು ಚುಚ್ಚಿದ ತೂತನ್ನು ತಾನೇ ಮುಚ್ಚುತ್ತದೆ. ಆದರೆ ಇಲ್ಲಿಯ ಸೆಕೆಗೆ ಅದು ಬೇಗ ಒಣಗುವುದರಿಂದ ಆಗಾಗ ನೋಡಿ ತುಂಬಬೇಕು. ಟೈರಿನ ಗಾಳಿಯನ್ನು ರಸ್ತೆಗಿಂತ ಬಹಳ ಕಡಿಮೆ ಇಟ್ಟರೆ ಅದು ಬೇರನ್ನೂ ಬಂಡೆಯನ್ನೂ ಅಪ್ಪಿ ಹಿಡಿಯುತ್ತದೆ. ಹೆಲ್ಮೆಟ್ಟಿನ ವಿಷಯದಲ್ಲಿ ಚರ್ಚೆಯೇ ಬೇಡ.

ಇಲ್ಲಿ ಮಳೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು. ಆಗುಂಬೆಯ ಮೂರರಲ್ಲೊಂದು ಪಾಲಿಗೂ ಅದು ಕಡಿಮೆಯೇ, ಆದರೆ ಮಳೆಗಾಲ ಮುಗಿಯಿತೆಂದು ನಿಟ್ಟುಸಿರಿಡುವ ತಿಂಗಳು ಇಲ್ಲಿಲ್ಲ. ಜಾಡಿಗೆ ಒಣಗಲು ಬಿಡುವೇ ಸಿಗುವುದಿಲ್ಲ.

ಜಾಡುಗಳ ಮಾತಿಗೆ ಬರೋಣ. ಮಲಯ ಭಾಷೆಯಲ್ಲಿ ‘ತಿಮಾ’ ಎಂದರೆ ತವರ. ಆದರೆ ಬುಕಿತ್ ತಿಮಾದಲ್ಲಿ ಜನ ಅಗೆದು ಸಾಗಿಸಿದ್ದು ತವರವನ್ನಲ್ಲ, ಗ್ರಾನೈಟನ್ನು. ಬೆಟ್ಟದ ಸುತ್ತಲಿನ ಹಿಂದೇಡೆ, ಡೈರಿ ಫಾರ್ಮ್, ಸಿಂಗಪುರ್ ಕ್ವಾರಿಗಳೆಲ್ಲ ಆ ಕಲ್ಲಿನ ಗಣಿಗಳು. ಅಷ್ಟಾದರೂ ಮೂಲ ಕಾಡಿನ ಒಂದು ತುಣುಕು ಉಳಿದುಕೊಂಡಿತು. 1854ರಲ್ಲಿ ಇಲ್ಲಿ ತಂಗಿದ್ದ ಆಲ್ಫ್ರೆಡ್ ರಸೆಲ್ ವ್ಯಾಲೆಸ್ ಸುಮಾರು ಒಂದು ಚದರ ಮೈಲಿಯ ಕಾಡಿನಲ್ಲಿ ಎರಡು ತಿಂಗಳಲ್ಲೇ ಏಳುನೂರರಷ್ಟು ಜಾತಿಯ ಜೀರುಂಡೆಗಳನ್ನು ಹಿಡಿದರು. ಹುಲಿ ಹಿಡಿಯಲು ತೋಡಿದ್ದ ಗುಂಡಿಗಳಲ್ಲಿ ತಾವೇ ಬೀಳುವ ಭಯವೂ ಅವರಿಗಿತ್ತು. ಈಗಿನ ಸವಾರನಿಗೆ ಉಳಿದಿರುವುದು ಕೋತಿಗಳ ಕಾಟವೊಂದೇ.

ಈ ಮೀಸಲು ಕಾಡಿನ ಅಂಚನ್ನು ಬಳಸಿಕೊಂಡು ಸುಮಾರು ಆರು ಕಿಲೋಮೀಟರಿನ ಸೈಕಲ್ ಜಾಡೊಂದಿದೆ. ಇಲ್ಲಿಯ ಸವಾರರ ಹಳೆಯ ಗರಡಿಯದು: ಬೇರುಗಳ ಮೆಟ್ಟಿಲು, ಕಲ್ಲುಗಳ ಹಾಸು, ಉಸಿರು ಕಟ್ಟಿಸುವ ಚಿಕ್ಕ ಏರುಗಳು. ಬೆಟ್ಟದ ಇಳಿಜಾರುಗಳ ದುರಸ್ತಿಗಾಗಿ 2014ರಲ್ಲಿ ಮೀಸಲು ಕಾಡನ್ನು ಮುಚ್ಚಿದಾಗ ಈ ಜಾಡಿಗೂ ಬಾಗಿಲು ಬಿತ್ತು, ತೆರೆದದ್ದು 2016ರಲ್ಲಿ. ಆ ವರ್ಷವೇ ಸಮೀಪದ ಚೆಸ್ಟ್‌ನಟ್ ನೇಚರ್ ಪಾರ್ಕ್ ತನ್ನ ಪೂರ್ಣ ಗಾತ್ರಕ್ಕೆ, ಅಂದರೆ 81 ಹೆಕ್ಟೇರಿಗೆ ಬೆಳೆಯಿತು. ಅಲ್ಲಿ ನಡೆಯುವವರಿಗೊಂದು ದಾರಿ, ಸೈಕಲ್ಲಿನವರಿಗೆ ಎಂಟು ಕಿಲೋಮೀಟರಿಗೂ ಮಿಕ್ಕ ಬೇರೆಯದೇ ದಾರಿ. ಇಂಥ ಉದ್ಯಾನಗಳನ್ನು ಮೀಸಲು ಕಾಡಿನ ಸುತ್ತ ಬೇಲಿಯಂತೆ ಇರಿಸಿರುವುದು ಸರ್ಕಾರದ ಲೆಕ್ಕಾಚಾರ. ಜನರ ಕಾಲೂ ಚಕ್ರವೂ ಅಂಚಿನಲ್ಲೇ ತಣಿದರೆ ನಡುಗಾಡಿಗೆ ನೆಮ್ಮದಿ.

ಆದರೂ ನನ್ನ ಒಲವು ಪುಲಾವ್ ಉಬಿನ್ ದ್ವೀಪದ ಕೇತಂ ಮೌಂಟನ್ ಬೈಕ್ ಪಾರ್ಕಿನ ಮೇಲೆ. ಉಬಿನ್ ಕೂಡ ಗ್ರಾನೈಟಿನ ದ್ವೀಪವೇ. 1851ರಲ್ಲಿ ಕಟ್ಟಿ ಮುಗಿಸಿದ ಹಾರ್ಸ್‌ಬರ್ಗ್ ದೀಪಸ್ತಂಭದ ಕಲ್ಲು ಹೋದದ್ದು ಇಲ್ಲಿಂದ. ಗಣಿಗಾರಿಕೆ ನಿಂತ ಮೇಲೆ ಗುಂಡಿಗಳಲ್ಲಿ ನೀರು ತುಂಬಿ ಹಸಿರು ಕೆರೆಗಳಾದವು. ಅಂಥದೊಂದರ, ಕೇತಂ ಕ್ವಾರಿಯ, ಸುತ್ತ 2008ರಲ್ಲಿ ತೆರೆದ ಈ ಜಾಡು ಈಗ ಸುಮಾರು ಹತ್ತು ಕಿಲೋಮೀಟರ್ ಇದೆ. ಕಷ್ಟದ ಮಟ್ಟವನ್ನು ಫಲಕಗಳೇ ಹೇಳುತ್ತವೆ: ನೀಲಿ ಚೌಕ ಸಾಧಾರಣ, ಕಪ್ಪು ವಜ್ರ ಕಠಿಣ, ಜೋಡಿ ಕಪ್ಪು ವಜ್ರ ಪರಿಣತರಿಗೆ ಮಾತ್ರ. ನನ್ನ ಎಡ ಮುಂಗೈಯಲ್ಲೊಂದು ಕಲೆಯಿದೆ. ಜೋಡಿ ವಜ್ರದ ಫಲಕವನ್ನು ಅಲಂಕಾರವೆಂದು ಭಾವಿಸಿದ ಬೆಳಗಿನದು.

ಇಷ್ಟು ಹೇಳಿದ ಮೇಲೆ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೂರನೆಯ ವರ್ಷದ ಹೊತ್ತಿಗೆ ಗುರುತಿಸಿದ ಜಾಡುಗಳು ನನಗೆ ಹಳಸಿದಂತಿದ್ದವು. ಮೀಸಲು ಕಾಡಿನ ಅಂಚಿನಲ್ಲಿ ಯಾರೋ ಸವಾರರು ಕಳ್ಳತನದಿಂದ ಮೂಡಿಸಿದ ದಾರಿಯೊಂದಿತ್ತು. ಹಿಂದಿನ ರಾತ್ರಿ ಮಳೆ ಸುರಿದಿದ್ದರೂ ನಾವು ನಾಲ್ವರು ಅದರಲ್ಲಿ ಇಳಿದೆವು. ಹಿಂದಿನ ಚಕ್ರ ಲಾಕಾಗಿ ಜಾರಿದ ಕಡೆಯಲ್ಲೆಲ್ಲ ಬೆರಳಿನಷ್ಟು ಆಳದ ಗೀರು. ಅದರಲ್ಲೂ ನಮಗೆ ನಗೆ. ಆರು ತಿಂಗಳ ಮೇಲೆ ಅದೇ ಕಡೆ ನಡೆದು ಹೋದಾಗ ಆ ಗೀರುಗಳೆಲ್ಲ ಕೂಡಿ ಮೊಣಕಾಲುದ್ದದ ಕೊರಕಲಾಗಿದ್ದವು. ಬದಿಯ ಮರವೊಂದರ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಗುರುತಿಸಿದ ಜಾಡು ಬಿಟ್ಟು ಹೋದವರಿಗೆ ಇಲ್ಲಿ ಎರಡು ಸಾವಿರ ಡಾಲರಿನವರೆಗೆ ದಂಡವಿದೆ. ನಾವು ಸಿಕ್ಕಿಬೀಳಲಿಲ್ಲ. ಸಿಕ್ಕಿಬಿದ್ದಿದ್ದರೆ ಆ ಬೇರುಗಳನ್ನು ನೆನೆಯುವಾಗ ಮನಸ್ಸು ತುಸು ಹಗುರಾಗಿರುತ್ತಿತ್ತೇನೋ.

ಹೀಗಾಗುವುದೇಕೆ ಎಂಬುದನ್ನು ಆಮೇಲೆ ಕಲಿತೆ. ನೇರ ಇಳಿಜಾರಿಗೆ ಬಿಟ್ಟ ದಾರಿ ಮಳೆನೀರಿಗೆ ಕಾಲುವೆಯೇ ಸರಿ. ಜಾಡು ಕಟ್ಟುವವರು ಪಾಲಿಸುವ ‘ಅರ್ಧದ ನಿಯಮ’ವೊಂದಿದೆ: ಜಾಡಿನ ಏರು ಅದು ಹಾದುಹೋಗುವ ಗುಡ್ಡದ ಓರೆಯ ಅರ್ಧಕ್ಕಿಂತ ಹೆಚ್ಚಿರಬಾರದು. ಒಟ್ಟಾರೆ ಸರಾಸರಿ ಶೇ. 10ನ್ನು ಮೀರದಿದ್ದರೆ ಇನ್ನೂ ಒಳ್ಳೆಯದು. ಜಾಡನ್ನು ಕಣಿವೆಯ ಕಡೆಗೆ ತುಸು ವಾಲಿಸಿ, ಅಲ್ಲಲ್ಲಿ ತಗ್ಗು ಕೊಟ್ಟರೆ ನೀರು ಅಡ್ಡಹಾದು ಹೋಗುತ್ತದೆ, ಉದ್ದಕ್ಕೆ ಹರಿಯುವುದಿಲ್ಲ. ನಮ್ಮ ಅಡಕೆ ತೋಟದಲ್ಲಿ ಅಜ್ಜ ಬಸಿಗಾಲುವೆ ತೆಗೆಸುತ್ತಿದ್ದದ್ದೂ ಇದೇ ನೀರಿನ ಲೆಕ್ಕದ ಮೇಲೆ. ಅದನ್ನು ಕಂಡು ಬೆಳೆದ ನನಗೆ ಅಂದು ಅದು ಹೊಳೆಯಲಿಲ್ಲ.

ಊರಿಗೆ ಹೋದಾಗ ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ಸೈಕಲ್ ಹೊಡೆಯುವ ಗೆಳೆಯರೊಂದಿಗೆ ಇದೇ ಮಾತು ಬರುತ್ತದೆ. ಅಲ್ಲೂ ಬಂಡೆ, ಅಲ್ಲೂ ನಗರದ ಒತ್ತು. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾಪ ಬಂದಾಗ ಕಾಡನ್ನು ಕಾಡಾಗಿಯೇ ಬಿಡಿ ಎಂದು ಜನ ಬೀದಿಗಿಳಿದರು. ಸಿಂಗಪುರದ ಅಚ್ಚುಕಟ್ಟು ಫಲಕಗಳನ್ನು ನಾನು ಹೊಗಳಿದರೆ ಗೆಳೆಯರು ಒಪ್ಪುವುದಿಲ್ಲ. ಫಲಕ ಬಂದ ಮೇಲೆ ಟಿಕೆಟ್ ಕೌಂಟರ್ ಬರುತ್ತದೆ ಎನ್ನುತ್ತಾರೆ. ಅವರ ಅನುಮಾನ ಪೂರ್ತಿ ಸುಳ್ಳೆನ್ನಲು ನನಗೆ ಧೈರ್ಯವಿಲ್ಲ.

ಸ್ಪರ್ಧೆಗಳ ಕುರಿತು ಹೆಚ್ಚು ಹೇಳುವುದಕ್ಕಿಲ್ಲ. ಎತ್ತರವಿಲ್ಲದ ಕಾರಣ ಬೆಟ್ಟದಿಂದ ಬಾಣದಂತೆ ಇಳಿಯುವ ಡೌನ್‌ಹಿಲ್ ಪ್ರಕಾರಕ್ಕೆ ಇಲ್ಲಿ ಎಡೆಯಿಲ್ಲ. ಸುತ್ತು ಸುತ್ತಿ ಓಡಿಸುವ ಕ್ರಾಸ್‌ಕಂಟ್ರಿಯೇ ಇಲ್ಲಿಗೆ ಹೊಂದುತ್ತದೆ. 2010ರಲ್ಲಿ ಮೊದಲ ಯುವ ಒಲಿಂಪಿಕ್ಸ್ ಸಿಂಗಪುರದಲ್ಲಿ ನಡೆದಾಗ ಮೌಂಟನ್ ಬೈಕ್ ಮತ್ತು ಬಿಎಂಎಕ್ಸ್ ಓಟಗಳಿಗೆ ತಾಂಪಿನಿಸ್ ಬೈಕ್ ಪಾರ್ಕ್ ಕಣವಾಗಿತ್ತು. 2014ರಲ್ಲಿ ಅದು ಮುಚ್ಚಿತು. ಮನೆಗಳಿಗೆ ನೆಲ ಬೇಕಿತ್ತು. ಒಲಿಂಪಿಕ್ ಹೆಸರಿದ್ದ ಅಂಗಳಕ್ಕೇ ಈ ಗತಿಯಾದ ಮೇಲೆ, ಉಳಿದ ಜಾಡುಗಳು ಶಾಶ್ವತವೆಂದು ಇಲ್ಲಿಯ ಯಾವ ಸವಾರನೂ ನಂಬಿ ಕೂತಿಲ್ಲ.

ಹೊಸದಾಗಿ ಹೊರಡುವವರಿಗೆ ಒಂದೆರಡು ಸೂಚನೆ. ಎಂಆರ್‌ಟಿ ರೈಲಿನಲ್ಲಿ ಮಡಚುವ ಸೈಕಲ್ಲಿಗೆ ಮಾತ್ರ ಪ್ರವೇಶ. ಆದ್ದರಿಂದ ಚೆಸ್ಟ್‌ನಟ್ಟಿಗೆ ತುಳಿದುಕೊಂಡೇ ಹೋಗಬೇಕು, ಇಲ್ಲವೇ ಕಾರಿರಬೇಕು. ಜಾಡಿನಲ್ಲಿ ಪೆಡಲಿನ ಮೇಲೆ ನಿಂತು, ಮೊಣಕೈ ಮೊಣಕಾಲು ಮಡಿಸಿ, ಕಣ್ಣನ್ನು ಮುಂಚಕ್ರದಿಂದಾಚೆ ದೂರಕ್ಕೆ ಇಡಿ. ಜೋರು ಮಳೆಯಾದ ಮರುಬೆಳಗು ಕಾಡಿನ ಜಾಡನ್ನು ಬಿಟ್ಟುಬಿಡಿ. ಉಬಿನ್‌ಗೆ ಚಾಂಗಿ ಪಾಯಿಂಟಿನಿಂದ ದೋಣಿಯಿದೆ. ಹನ್ನೆರಡು ಜನ ಕೂಡಿದರೆ ಹೊರಡುತ್ತದೆ, ಸೈಕಲ್ಲಿಗೆ ಬೇರೆ ಬಾಡಿಗೆ. ಹತ್ತೇ ನಿಮಿಷದ ದಾರಿ. ದ್ವೀಪದ ಜೆಟ್ಟಿಯ ಬಳಿ ಬಾಡಿಗೆಗೆ ಸಿಗುವ ಸೈಕಲ್‌ಗಳು ಊರು ಸುತ್ತಲು ಸರಿ, ಕೇತಂಗೆ ಅಲ್ಲ. ಬ್ರೇಕನ್ನು ನೀವೇ ಹಿಡಿದು ನೋಡದೆ ಯಾವುದನ್ನೂ ಏರಬೇಡಿ. ಭಾನುವಾರ ಸಂಜೆ ಮರಳುವವರ ಸಾಲು ಉದ್ದವಿರುತ್ತದೆ, ನೀರಿನ ಬಾಟಲಿ ಖಾಲಿ ಮಾಡಿಕೊಳ್ಳಬೇಡಿ.