ಸಂಕರಶ್ವಾನಗಳೂ ವಂಶಪಟ್ಟಿಯೂ
೧೯೮೦ರ ದಶಕದಲ್ಲಿ ಹವಾಯಿ ದ್ವೀಪದ ಅಂಧ ಮಹಿಳೆಯೊಬ್ಬಳು ದಾರಿ ತೋರುವ ನಾಯಿಯನ್ನು ಬೇಡಿದಳು. ಆಕೆಯ ಪತಿಗಾದರೋ ನಾಯಿಯ ಕೂದಲು ಒಗ್ಗದು. ಆಸ್ಟ್ರೇಲಿಯಾದ ವಾಲಿ ಕಾನ್ರನ್ ಎಂಬವರು ಲ್ಯಾಬ್ರಡಾರ್ ಹಾಗೂ ಪೂಡಲ್ ತಳಿಗಳನ್ನು ಕೂಡಿಸಿ ಮೂರು ಮರಿಗಳನ್ನು ಪಡೆದರು. ಅವುಗಳಲ್ಲಿ ಒಂದು ಮಾತ್ರವೇ ಆತನಿಗೆ ಒಗ್ಗಿತು. ಬೆರಕೆಯ ಮರಿಗಳನ್ನು ಸಾಕಿ ಪಳಗಿಸಲು ಯಾರೂ ಮುಂದೆ ಬರಲಿಲ್ಲ. 'ಲ್ಯಾಬ್ರಡೂಡಲ್' ಎಂಬ ಹೆಸರಿನಿಂದ ಅವನ್ನು ಪ್ರಚಾರಪಡಿಸಿದೊಡನೆ ಬೇಡಿಕೆಯು ಉಕ್ಕಿತು. ನಾಯಿಗಳು ಅವೇ, ಹೆಸರೊಂದು ಹೊಸತು.

ತಳಿಯೆನಿಸಲು ಲಕ್ಷಣಗಳು ತಲೆಮಾರಿನಿಂದ ತಲೆಮಾರಿಗೆ ಸ್ಥಿರವಾಗಿ ಇಳಿಯಬೇಕು. ಒಂದೇ ಸೂಲಿನಲ್ಲಿ ಕಾಣದ ಸ್ಥಿರತೆಗೆ ವಂಶಪಟ್ಟಿಯು ಎಂತು ಸಾಕ್ಷಿಯಾದೀತು? ಹಾಗೆಂದು ಶುದ್ಧಕುಲದ ಪಟ್ಟಿಗಳೇನೂ ನಿರ್ದೋಷವಲ್ಲ: ಅವುಗಳಲ್ಲಿ ಸ್ಥಾನವುಳ್ಳ ಬುಲ್‌ಡಾಗ್ ಉಸಿರಾಡಲು ತಿಣುಕುತ್ತದೆ.

೨೦೧೯ರಲ್ಲಿ ಕಾನ್ರನ್ನರೇ ತಮ್ಮ ಕೃತ್ಯಕ್ಕಾಗಿ ಪರಿತಪಿಸಿದರು. ಆರೋಗ್ಯವನ್ನು ಲೆಕ್ಕಿಸದೆ ಹಣಕ್ಕಾಗಿ ಮರಿ ಮಾಡಿಸುವವರ ಹಾವಳಿಯೇ ಅವರ ವ್ಯಥೆಗೆ ಕಾರಣವಾಗಿದ್ದಿತು.