ಟೈಮ್‌ಟೇಬಲ್ಲಿಗೆ ಬಣ್ಣ ಹಚ್ಚುವ ಲೆಕ್ಕ

ಪರೀಕ್ಷೆಯ ಟೈಮ್‌ಟೇಬಲ್ ನೋಟಿಸ್ ಬೋರ್ಡಿಗೆ ಬಂದ ದಿನ ನಮ್ಮ ಕಂಪ್ಯೂಟರ್ ಸೈನ್ಸ್ ಕ್ಲಾಸಿನವರೆಲ್ಲ ನೋಡುತ್ತಿದ್ದುದು ನಡುವೆ ಎಷ್ಟು ರಜೆ ಇದೆ ಅಂತ. ಗೆಳೆಯನೊಬ್ಬ ಮಾತ್ರ ಬೇರೇನೋ ಹುಡುಕುತ್ತಿದ್ದ. ಅವನಿಗೆ ಹಿಂದಿನ ವರ್ಷದ ಒಂದು ಪೇಪರ್ ಬಾಕಿ ಇತ್ತು. ನೋಡಿದರೆ ಅದೂ, ಈ ವರ್ಷದ ಒಂದು ಪೇಪರೂ ಒಂದೇ ದಿನ, ಒಂದೇ ಹೊತ್ತಿಗೆ!

ತಮಾಷೆ ಅಂದರೆ, ಇದರ ಗಣಿತ ನಮ್ಮ ಪಾಠದಲ್ಲೇ ಇತ್ತು. ಪ್ರತಿ ವಿಷಯಕ್ಕೂ ಒಂದು ಚುಕ್ಕಿ ಇಡಿ. ಎರಡು ವಿಷಯಗಳನ್ನೂ ಬರೆಯುವವನು ಒಬ್ಬನೇ ಇದ್ದರೂ ಅವುಗಳ ನಡುವೆ ಗೆರೆ ಎಳೆಯಿರಿ. ಗೆರೆಯಿಂದ ಸೇರಿದ ಚುಕ್ಕಿಗಳಿಗೆ ಒಂದೇ ಬಣ್ಣ ಕೂಡದು. ಬಣ್ಣ ಅಂದರೆ ಪರೀಕ್ಷೆಯ ಹೊತ್ತು, ಅಷ್ಟೇ.

1852ರಲ್ಲಿ ಫ್ರಾನ್ಸಿಸ್ ಗಥ್ರಿ ಇಂಗ್ಲೆಂಡಿನ ಕೌಂಟಿಗಳ ನಕ್ಷೆಗೆ ಬಣ್ಣ ಹಚ್ಚುತ್ತಾ ನಾಲ್ಕು ಬಣ್ಣ ಸಾಕೇ ಎಂದು ಕೇಳಿದ. ಅಲ್ಲಿಂದ ಬೆಳೆದ ಗಣಿತ ಇದು. 1967ರಲ್ಲಿ ವೆಲ್ಶ್ ಮತ್ತು ಪೊವೆಲ್ ಎಂಬಿಬ್ಬರು ವೇಳಾಪಟ್ಟಿಗಾಗಿ ಒಂದು ಸರಳ ದಾರಿ ಬರೆದರು: ಹೆಚ್ಚು ಗೆರೆ ಇರುವ ಚುಕ್ಕಿಗೆ ಮೊದಲು ಬಣ್ಣ ಹಚ್ಚಿ. ಇದರಿಂದ ಕೆಲಸ ಸಾಗುತ್ತದೆ, ಆದರೆ ಅತಿ ಕಡಿಮೆ ಬಣ್ಣದಲ್ಲೇ ಮುಗಿಯುತ್ತದೆ ಎಂಬ ಖಾತ್ರಿ ಇಲ್ಲ. ಕೊಟ್ಟಷ್ಟು ಬಣ್ಣ ಸಾಕೇ ಎಂದು ಹೇಳುವುದೇ ಎನ್‌ಪಿ-ಕಂಪ್ಲೀಟ್ ಎಂದು 1972ರಲ್ಲಿ ರಿಚರ್ಡ್ ಕಾರ್ಪ್ ತೋರಿಸಿದರು.

ಆದರೆ ನನ್ನ ಗೆಳೆಯನಿಗೆ ತೊಂದರೆಯಾದದ್ದು ಈ ಕಷ್ಟದಿಂದಲ್ಲ. ಬಾಕಿ ಉಳಿಸಿಕೊಂಡವರ ಗೆರೆಗಳನ್ನು ಯಾರೂ ಎಳೆದೇ ಇರಲಿಲ್ಲ. ಪಾಪ, ಹಳೇ ಪೇಪರನ್ನು ಮತ್ತೆ ಮುಂದಕ್ಕೆ ಹಾಕಿದ. ಈಗಲೂ ಗ್ರಾಫ್ ಕಲರಿಂಗ್ ಅಂದರೆ ನನಗೆ ನೆನಪಾಗುವುದು ಆ ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದ ಅವನೇ.